ಹಳದಿ ಪಟ್ಟಿಯ ಮರಿಗಳು

ಮರಿಯ ರೆಕ್ಕೆಯನ್ನು ಬಿಡಿಸಿ ಹಿಡಿದು, ನಿನ್ನೆ ಸೂಜಿ ಚುಚ್ಚಿದ ಜಾಗಕ್ಕೆ ಊತದ ದಪ್ಪ ಅಳೆಯುವ ಗೇಜಿನ ಬಾಯಿ ತಾಗಿಸುವಾಗೆಲ್ಲ ಎಲ್ವೀರಾಳಿಗೆ ತನ್ನ ಹೆಬ್ಬೆರಳ ಮೇಲೆಯೇ ಅನುಮಾನ. ಸ್ಪ್ರಿಂಗ್ ಬಿಟ್ಟರೆ ಗೇಜು ತಾನಾಗಿ ಚರ್ಮವನ್ನು ಕಚ್ಚಿಕೊಳ್ಳುತ್ತದೆ, ಮುಳ್ಳು ಓಡಿ ಒಂದು ಕಡೆ ನಿಲ್ಲುತ್ತದೆ, ಓದಿ ಹೇಳಿದರಾಯಿತು. ಆದರೆ ಬಿಡುವ ಬೆರಳು ಒಂಚೂರು ತಡೆದರೆ ಊತ ದಪ್ಪ, ಒಂಚೂರು ಒತ್ತಿದರೆ ತೆಳು. ಇದು ಅವಳಿಗೆ ಗೊತ್ತು, ಎದುರಿನ ಕಲ್ಲಿನ ಮೇಲೆ ನೋಯುವ ಮೊಣಕಾಲನ್ನು ಮುಂದಕ್ಕೆ ಚಾಚಿ ಕೂತು ಅಂಕಿ ಬರೆದುಕೊಳ್ಳುತ್ತಿದ್ದ ದೋನ್ ಫೆರ್ಮಿನ್‌ಗೂ ಗೊತ್ತು. ಬರೆಯುವ ಮುಂಚೆ ಪ್ರತಿಸಲವೂ ಅವರು ಅವಳ ಕೈಯನ್ನು ಒಮ್ಮೆ ನೋಡುತ್ತಿದ್ದರು. ಅಥವಾ ನೋಡುತ್ತಿದ್ದಾರೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಮರಿಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದ ಅಮಾಯಾ ದನದ ಡಾಕ್ಟರಾಗಿದ್ದವಳು, ಹೋರಿಗಳನ್ನು ಹಿಡಿದ ಕೈ ಅದು, ಆದರೂ ಬೇಗ ಮುಗಿಸೇ ಮಹರಾಯ್ತಿ, ಇದು ನನ್ನ ಮೊಣಕೈ ತಿಂತಾ ಇದೆ ಎಂದು ಗೊಣಗುತ್ತಿದ್ದಳು. ಸುತ್ತ ದಕ್ಷಿಣ ಧ್ರುವದ ಕಡೆಯ ಆ ಜ್ವಾಲಾಮುಖಿ ದ್ವೀಪದ ಕಪ್ಪು ಬೂದಿಯ ಇಳಿಜಾರಿನ ತುಂಬ ಪೆಂಗ್ವಿನ್‌ಗಳ ಗದ್ದಲ, ಮೇಲೆ ಮರಿಗಳನ್ನು ಕದ್ದು ತಿನ್ನುವ ಎರಡು ಸ್ಕುವಾ ಹಕ್ಕಿಗಳು ತಮ್ಮ ಸರದಿಗೆ ಕಾಯುತ್ತ ಸುತ್ತುತ್ತಿದ್ದವು. ಎಲ್ವೀರಾ ಅಂಕಿ ಓದಿದಳು. ದೋನ್ ಫೆರ್ಮಿನ್ ಬರೆದುಕೊಂಡರು.

ಕೈಗೂ ಆಸೆ ಇರತ್ತೆ, ಎಲ್ವೀರಾ. ಮಾದ್ರಿದ್‌ನಲ್ಲಿ, ಹೋದ ಚಳಿಗಾಲದಲ್ಲಿ, ವಿಜ್ಞಾನಿಗಳ ತುಂಬಿದ ಸಭೆಯಲ್ಲಿ ದೋನ್ ಫೆರ್ಮಿನ್ ಹೇಳಿದ್ದು ಇಷ್ಟೇ. ಜೋರಾಗಿಯೂ ಹೇಳಲಿಲ್ಲ. ಅವಳು ಪರದೆಯ ಮೇಲೆ ತನ್ನ ಗೀಟುಗಳನ್ನು ತೋರಿಸಿ, ಹೊಟ್ಟೆಯಲ್ಲಿ ಜಂತು ಇರುವ ಮರಿಗಳ ಮೈಗೆ ರೋಗದೊಡನೆ ಕಾದಾಡುವ ಕಸುವು ಕಡಿಮೆ, ಔಷಧಿ ಹಾಕಿ ಜಂತು ಕಳೆದರೆ ಆ ಕಸುವು ಮರಳುತ್ತದೆ ಎಂದು ಮುಗಿಸಿದ್ದಳು. ಅವರು ಎದ್ದು ನಿಂತು, ಯಾವ ಮರಿಗೆ ಔಷಧಿ ಕುಡಿಸಿದ್ದು ಅಂತ ಅಳೆಯುವಾಗ ನಿನಗೆ ಗೊತ್ತಿತ್ತಾ ಎಂದು ಕೇಳಿದರು. ಗೊತ್ತಿತ್ತು. ಆ ವರ್ಷ ತಂಡದ ಮೂರನೆಯವನು ಹಲ್ಲುನೋವೆಂದು ಹಡಗು ಹತ್ತಿ ಹೋಗಿ, ಕುಡಿಸುವುದೂ ಅವಳೇ ಅಳೆಯುವುದೂ ಅವಳೇ ಆಗಿತ್ತು. ಗೊತ್ತಿತ್ತು ಅಂದಳು. ಆಗ ಅವರು ಆ ಮಾತು ಹೇಳಿ, ಗೇಜಿಗೆ ಸ್ಪ್ರಿಂಗ್ ಇದೆ, ಕೈಗೆ ಆಸೆ ಇದೆ, ಎರಡರಲ್ಲಿ ಯಾವುದು ಗೆದ್ದಿತೋ ಯಾರು ಕಂಡರು ಎಂದು ಕೂತರು. ಯಾರೋ ಹಿಂದಿನ ಸಾಲಿನಲ್ಲಿ ನಕ್ಕರು. ಆ ನಗೆ ಅವಳಿಗೆ ಹೊಸದಲ್ಲ. ಥಮೋರಾದ ಹಳ್ಳಿಯ ಶಾಲೆಯಲ್ಲಿ ನರ್ಸಮ್ಮ ಬೆಳ್ಳಗಿನ ಔಷಧಿಯ ಚಮಚ ಎತ್ತಿ ಹಿಡಿದು, ಈ ಹುಡುಗಿಗೆ ಹೊಟ್ಟೆತುಂಬ ಜಂತು ಎಂದು ಇಡೀ ತರಗತಿಗೆ ಸಾರಿದ ದಿನ ಕೇಳಿದ್ದಳು. ಶಾಲೆ ಬಿಡುವ ತನಕ ಜಂತು ಎಲ್ವೀರಾ ಎಂಬ ಹೆಸರು ಹೋಗಲಿಲ್ಲ. ಹೊಟ್ಟೆಯಲ್ಲಿ ಇನ್ನೊಂದು ಜೀವ ಕೂತು ತನ್ನ ಪಾಲಿನ ಅನ್ನ ತಿನ್ನುತ್ತಿದ್ದರೆ ಮೈಗೆ ಏನಾಗುತ್ತದೆ ಎಂದು ಅವಳು ಯೋಚಿಸಲು ಶುರುಮಾಡಿದ್ದು ಆ ನಾಚಿಕೆಯಲ್ಲಿಯೇ. ಆದರೆ ಇದನ್ನೆಲ್ಲ ಸಭೆಯಲ್ಲಿ ಹೇಳಲಿಕ್ಕಾಗುತ್ತದೆಯೇ? ಅವಳನ್ನು ಕೊರೆದದ್ದು ಅವರು ಆಡಿದ ಮಾತೂ ಅಲ್ಲ. ತಾನು ಒತ್ತಿರಲಿಲ್ಲ ಎಂದು ಎದೆ ಮುಟ್ಟಿ ಹೇಳಲು ಆಗದೇ ಹೋದದ್ದು. ಒತ್ತಿದ್ದಳೋ ಇಲ್ಲವೋ, ನಿಜವಾಗಿ ಅವಳಿಗೇ ಗೊತ್ತಿರಲಿಲ್ಲ.

ಈ ಸಲ ಯಾರಿಗೂ ಗೊತ್ತಾಗದ ಹಾಗೆ ಮಾಡೋಣ ಎಂದವಳೂ ಅವಳೇ. ಒಂದೊಂದು ಗೂಡಿನಲ್ಲಿ ಎರಡೆರಡು ಮರಿ. ಒಂದಕ್ಕೆ ಔಷಧಿ, ಒಂದಕ್ಕೆ ಬರೀ ನೀರು. ಔಷಧಿ ಮಜ್ಜಿಗೆಯ ಹಾಗೆ ಬೆಳ್ಳಗಿರುವುದರಿಂದ ನೀರೂ ಬೆಳ್ಳಗಿರಬೇಕು. ಇದನ್ನು ಅವರು ತಂಗಿದ್ದ ಸೈನ್ಯದ ನೆಲೆಯ ಅಡುಗೆಯವನಿಗೆ ವಹಿಸುವುದು ಇಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ, ಅಡುಗೆಯವನೊಬ್ಬನಿಗೇ ಯಾವ ಹಕ್ಕಿಯ ಮೇಲೂ ಪ್ರೀತಿಯಿಲ್ಲ ಎಂದು. ಎವಾರಿಸ್ತೋ ಗಲೀಸಿಯಾ ಕಡೆಯವನು, ಸೈನ್ಯದವನು. ಅಕ್ಕಿ ಬೇಯಿಸಿ ಗಂಜಿ ಬಸಿದು, ಒಂದು ಡಬ್ಬಿಗೆ ಗಂಜಿ ಒಂದಕ್ಕೆ ಔಷಧಿ ತುಂಬಿ, ಒಂದಕ್ಕೆ ಹಳದಿ ಪಟ್ಟಿ ಇನ್ನೊಂದಕ್ಕೆ ಹಸಿರು ಪಟ್ಟಿ ಸುತ್ತಿ ಕೊಟ್ಟಿದ್ದ. ಯಾವುದು ಯಾವುದೆಂದು ಅವನ ತಲೆಯಲ್ಲಿ ಮಾತ್ರ. ಹಳದಿ ಡಬ್ಬಿಯದು ಕುಡಿದ ಮರಿಯ ಒಂದು ರೆಕ್ಕೆಗೆ ಹಳದಿ ಪಟ್ಟಿ, ಹಸಿರಿನದು ಕುಡಿದದ್ದಕ್ಕೆ ಹಸಿರು. ಎರಡನೆಯ ಸಲ ಕುಡಿಸಿದ್ದು ಮೊನ್ನೆ. ನಿನ್ನೆ ಇನ್ನೊಂದು ರೆಕ್ಕೆಯ ಚರ್ಮದೊಳಗೆ ರಾಜ್ಮಾ ಕಾಳಿನಿಂದ ತೆಗೆದ ಸತ್ವವನ್ನು ಚುಚ್ಚಿದ್ದರು. ಮೈ ಅದನ್ನು ಶತ್ರುವೆಂದು ತಿಳಿದು ತನ್ನ ದಂಡನ್ನೆಲ್ಲ ಅಲ್ಲಿಗೆ ಕಳಿಸುತ್ತದೆ, ಜಾಗ ಊದುತ್ತದೆ; ದಂಡು ದೊಡ್ಡದಿದ್ದಷ್ಟೂ ಊತ ದೊಡ್ಡದು. ಎವಾರಿಸ್ತೋಗೆ ಈ ಕಾಳಿನ ವಿಷಯ ಬಹಳ ಖುಷಿ. ನನ್ನ ಹುಳಿ ತಿಂದು ನಮ್ಮ ಕ್ಯಾಪ್ಟನ್ ಕೂಡ ಹಾಗೇ ಊದ್ಕೋತಾರೆ ಡಾಕ್ಟರಮ್ಮ, ಅವರನ್ನೂ ಅಳೀರಿ ಎನ್ನುತ್ತಿದ್ದ. ಊಟದ ಮನೆಯಲ್ಲಿ ಪೆಂಗ್ವಿನ್‌ನವರಿಗೆ ಜಾಗ ಉದ್ದ ಮೇಜಿನ ಕೊನೆಗೆ, ಬಾಗಿಲ ಹತ್ತಿರ, ಗಾಳಿ ಬೀಸುವಲ್ಲಿ. ಎಷ್ಟು ತೊಳೆದರೂ ಹಿಕ್ಕೆಯ ನಾತ ಕೂದಲು ಬಿಡುವುದಿಲ್ಲ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಮೊದಲ ದಿನವೇ ತಟ್ಟೆಗಳನ್ನು ಅಲ್ಲಿ ಇಟ್ಟಿದ್ದರು.

ಬಂಡೆಯ ಬುಡದ ಗೂಡಿನಲ್ಲಿ ಒಂದೇ ಮರಿ ಇತ್ತು. ಹಸಿರಿನದನ್ನು ಸ್ಕುವಾ ಎತ್ತಿಕೊಂಡು ಹೋಗಿತ್ತು. ಪಟ್ಟಿ ಸುತ್ತಿದ ರೆಕ್ಕೆಯ ತುಂಡನ್ನು ಅಮಾಯಾ ಮೊನ್ನೆ ಬೂದಿಯಲ್ಲಿ ಕಂಡು ಹಿಡಿದಿದ್ದಳು. ಜಂತಿನ ಮರಿ ಜೋರಾಗಿ ಕೂಗಲಾರದು, ಗುಂಪಿನಲ್ಲಿ ಹಿಂದೆ ಬೀಳುತ್ತದೆ, ಅಂಚಿಗೆ ಬಂದದ್ದನ್ನು ಸ್ಕುವಾ ನೋಡುತ್ತಲೇ ಇರುತ್ತದೆ. ತಾನು ಅದಕ್ಕೆ ಕುಡಿಸಿದ್ದು ಔಷಧಿಯೋ ಗಂಜಿಯೋ ಎಂದು ಎಲ್ವೀರಾ ಆಗಲೂ ಯೋಚಿಸಿದ್ದಳು, ಈಗಲೂ ಯೋಚಿಸಿದಳು. ಗಂಜಿಯಾಗಿದ್ದರೆ ತಾನೇ ಅದನ್ನು ಸ್ಕುವಾದ ಬಾಯಿಗೆ ಕೊಟ್ಟ ಹಾಗಲ್ಲವೇ? ಉಳಿದ ಹಳದಿ ಮರಿಯನ್ನು ಅಮಾಯಾ ಎತ್ತಿ ಕಂಕುಳಿಗೆ ಸೇರಿಸುತ್ತಿದ್ದಂತೆ ಅದು ಹಿಂದಕ್ಕೆ ಬಾಗಿ ಎಲ್ವೀರಾಳ ತೋಳಿನ ಮೇಲೆ ಗುಲಾಬಿ ಬಣ್ಣದ ಹಿಕ್ಕೆ ಚಿಮ್ಮಿಸಿತು. ಒರೆಸಲು ಹೋದವಳು ನಿಂತಳು. ಹಿಕ್ಕೆಯ ನಡುವೆ ಬಿಳಿಯ ಲಾಡಿಹುಳ, ಬೆರಳುದ್ದ, ಸತ್ತು ಸುರುಳಿಯಾಗಿತ್ತು. ಔಷಧಿ ಹೊಕ್ಕ ಹೊಟ್ಟೆಯಿಂದ ಹೀಗೆ ಬೀಳುತ್ತದೆ. ಔಷಧಿಯಿಲ್ಲದೆಯೂ ಒಮ್ಮೊಮ್ಮೆ ಬೀಳಬಹುದು, ಒಂದನ್ನು ನೋಡಿ ಏನು ಹೇಳಲಿಕ್ಕಾಗುತ್ತದೆ ಎಂದುಕೊಂಡು ಅವಳು ಅದನ್ನು ಬೂಟಿನಡಿ ಹಾಕಿ ಬೂದಿಯಲ್ಲಿ ಹೂತಳು. ಏನದು ಎಂದು ದೋನ್ ಫೆರ್ಮಿನ್ ಕಲ್ಲಿನ ಮೇಲಿಂದಲೇ ಕೇಳಿದರು. ಏನಿಲ್ಲ ಅಂದಳು. ಅವರು ಅವಳ ಬೂಟನ್ನು ನೋಡಿದರು.

ಮುಂದಿನ ಗೂಡಿನಲ್ಲಿ ಹಳದಿ ಮರಿಯ ಕಾಲ ಹತ್ತಿರ ಮತ್ತೊಂದು. ಅದರಾಚೆಯ ಗೂಡಿನಲ್ಲಿ ಮತ್ತೆ ಹಳದಿಯ ಬಾಲಕ್ಕೇ ಅಂಟಿಕೊಂಡು ಜೋತಾಡುತ್ತಿತ್ತು. ಯಾರೂ ನೋಡದ ಹಾಗೆ ಕೈಗವಸಿನಲ್ಲಿ ಕಿತ್ತು ಜೇಬಿಗೆ ಹಾಕಿಕೊಂಡಳು. ಇನ್ನು ತನಗೆ ಗೊತ್ತಿಲ್ಲ ಎನ್ನುವಂತಿರಲಿಲ್ಲ. ಹಳದಿ ಔಷಧಿ, ಹಸಿರು ಗಂಜಿ. ಅಮಾಯಾ ಹಸಿರು ಮರಿಯನ್ನು ಎತ್ತಿಕೊಂಡು ಬಂದಳು. ಅದರ ತುಪ್ಪಳ ಅಲ್ಲಲ್ಲಿ ಉದುರಿ ಚರ್ಮ ಕಾಣುತ್ತಿತ್ತು. ಎಲ್ವೀರಾ ರೆಕ್ಕೆ ಬಿಡಿಸಿದಳು, ಗೇಜು ತಾಗಿಸಿದಳು, ಹೆಬ್ಬೆರಳನ್ನು ಬಿಡಬೇಕು, ಬಿಡುತ್ತಿದ್ದೇನೆ ಅನ್ನಿಸಿತು, ಮುಳ್ಳು ನಿಂತಿತು. ಸಣ್ಣ ಅಂಕಿ. ಬೇಕಾದಷ್ಟು ಸಣ್ಣ ಅಂಕಿ. ಅವಳ ಮೈ ಬಿಸಿಯಾಯಿತು, ಸಂತೋಷದಿಂದಲೇ. ಆ ಸಂತೋಷ ಮೊದಲು ಬಂತೋ ಅಂಕಿ ಮೊದಲು ಬಂತೋ? ತಾನು ಒತ್ತಿದೆನೇ? ಹೋದ ವರ್ಷವೂ ಹೀಗೇ ಆಗಿತ್ತೇ? ಅವಳಿಗೆ ಆಗ ಮಾದ್ರಿದ್‌ನ ಆ ಮಾತಿನ ಮೇಲಿದ್ದ ಸಿಟ್ಟೆಲ್ಲ ಒಮ್ಮೆಲೇ ಇಳಿದುಹೋಗಿ, ಅವರು ಕೇಳಿದ್ದು ಸರಿಯಾಗಿಯೇ ಇತ್ತು ಅನ್ನಿಸಿ ಅಳು ಬರುವ ಹಾಗಾಯಿತು. ಎಷ್ಟು ಎಂದು ದೋನ್ ಫೆರ್ಮಿನ್ ಪೆನ್ಸಿಲ್ ಎತ್ತಿ ಕೇಳಿದರು. ಅವಳು ಹೇಳಲಿಲ್ಲ. ಮರಿಯನ್ನು ಗೂಡಿಗೆ ಬಿಡು ಎಂದು ಅಮಾಯಾಳಿಗೆ ಹೇಳಿ, ಗೇಜನ್ನು ಒರೆಸುತ್ತ ಕಲ್ಲಿನ ಹತ್ತಿರ ಹೋದಳು.

"ದೋನ್ ಫೆರ್ಮಿನ್, ಇನ್ನು ನಾನು ಅಳೀಬಾರದು. ಯಾವ ಬಣ್ಣ ಯಾವುದು ಅಂತ ನನಗೆ ಗೊತ್ತಾಗಿಹೋಯ್ತು."

"ಎವಾರಿಸ್ತೋ ಬಾಯಿಬಿಟ್ನಾ?"

"ಇಲ್ಲ. ಹೇಗೆ ಅಂತ ಕೇಳಬೇಡಿ. ಹೇಳಿದ್ರೆ ನಿಮಗೂ ಗೊತ್ತಾಗತ್ತೆ, ಆಮೇಲೆ ಅಳೆಯೋಕೆ ಯಾರೂ ಉಳಿಯಲ್ಲ."

ಅವರು ಅವಳ ಬೂಟನ್ನೂ ಜೇಬನ್ನೂ ನೋಡಿ, ಕೊನೆಗೆ ಮುಖ ನೋಡಿದರು. ನಲವತ್ತು ವರ್ಷ ಹಕ್ಕಿಗಳನ್ನು ನೋಡಿ ಕಿರಿದಾದ ಕಣ್ಣು. ಇದು ಅವರ ಕೊನೆಯ ಪ್ರಯಾಣ, ಬರುವ ವರ್ಷ ನಿವೃತ್ತಿ. ಅವಳ ಕೆಲಸ ಮುಂದುವರಿಯಬೇಕೋ ಇಲ್ಲಿಗೇ ನಿಲ್ಲಬೇಕೋ ಎಂದು ಹೋಗುವ ಮುಂಚೆ ಹೇಳಬೇಕಾದವರೂ ಅವರೇ.

"ಹಾಗಾದ್ರೆ ಯಾರು ಅಳೀಬೇಕು?"

"ನೀವು."

"ನಾನಾ? ಜಂತಿಂದ ಇವಕ್ಕೆ ಏನೂ ಆಗಲ್ಲ ಅನ್ನೋನು ನಾನು. ನಿನ್ನ ಮಾತನ್ನ ನಾನು ನಂಬಲ್ಲ ಅಂತ ನಿನಗೆ ಗೊತ್ತಲ್ಲ, ಎಲ್ವೀರಾ."

"ಗೊತ್ತು. ಅದಕ್ಕೇ."

ಅವಳು ಗೇಜನ್ನು ಅವರ ಅಂಗೈಯಲ್ಲಿಟ್ಟಳು. ಮೊದಲಿಂದ ಅಳೀಬೇಕಾಗತ್ತೆ, ಇಲ್ಲೀವರೆಗೆ ಬರೆದದ್ದೆಲ್ಲ ಹೋಯ್ತು ಎಂದರು. ಹೋಗಲಿ ಅಂದಳು. ಅವರು ಮೊಣಕಾಲು ಹಿಡಿದುಕೊಂಡು ಎದ್ದರು. ಅಮಾಯಾ ಇಬ್ಬರನ್ನೂ ನೋಡಿ, ಇವತ್ತು ಯಾರಿಗೆ ಏನು ತಲೆ ಕೆಟ್ಟಿದೆಯೋ ನನಗಂತೂ ತಿಳೀದು, ನಾನು ಕೂತು ಬರೀತೀನಿ, ಬೆನ್ನಿಗೆ ಸ್ವಲ್ಪ ಸುಖವಾಯ್ತು ಎಂದು ಕಲ್ಲಿನ ಮೇಲೆ ಕೂತಳು.

ಹಿಡಿಯುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕೀಳು ಕೆಲಸ. ಮರಿಯ ತಲೆಯನ್ನು ಕಂಕುಳಲ್ಲಿ ತುರುಕಿ ಕತ್ತಲು ಮಾಡಬೇಕು, ಕಾಲನ್ನು ಒಂದು ಕೈಯಲ್ಲಿ, ಬಡಿಯುವ ರೆಕ್ಕೆಯನ್ನು ಇನ್ನೊಂದರಲ್ಲಿ. ಅದು ಕುಕ್ಕುತ್ತದೆ, ಹೇಲುತ್ತದೆ, ಪಕ್ಕೆಗೆ ರಪರಪ ಹೊಡೆಯುತ್ತದೆ. ಎಲ್ವೀರಾ ಪ್ರತಿ ಮರಿಯನ್ನೂ ಎತ್ತುವ ಮುಂಚೆ ಸುತ್ತ ಬಿದ್ದದ್ದನ್ನು ಕಾಲಿನಿಂದ ಸಾರಿಸಿ, ಹಿಂಭಾಗವನ್ನು ತನ್ನ ಅಂಗಿಗೇ ಒರೆಸಿ, ಆಮೇಲೆ ಅವರ ಮುಂದೆ ಹಿಡಿಯುತ್ತಿದ್ದಳು. ಹಿಡಿದ ಮೇಲೆ ಮುಖವನ್ನು ಕಡಲಿನ ಕಡೆ ತಿರುಗಿಸಿಕೊಂಡಳು. ತನ್ನ ಕಣ್ಣಿನಿಂದ ಏನೂ ಅವರಿಗೆ ದಾಟಬಾರದು. ಮೊದಲ ಗೂಡು: ಹಸಿರಿನ ಊತ ದೊಡ್ಡದು. ಎರಡನೆಯದರಲ್ಲಿ ಎರಡೂ ಸಮ. ದೋನ್ ಫೆರ್ಮಿನ್‌ರ ದನಿಯಲ್ಲಿ ಒಂದು ನೆಮ್ಮದಿ ಇತ್ತು, ಅಂಕಿಗಳನ್ನು ಪಾಠ ಹೇಳುವ ಹಾಗೆ ಹೇಳುತ್ತಿದ್ದರು. ಸೋತೆ ಅನ್ನಿಸಿತು ಅವಳಿಗೆ. ಹೋದ ವರ್ಷ ಎಲ್ಲ ಗೀಟುಗಳನ್ನೂ ಎಳೆದದ್ದು ತನ್ನ ಹೆಬ್ಬೆರಳೇ. ಇನ್ನು ಇಲ್ಲಿಂದ ಥಮೋರಾಗೆ ಹೋಗಿ ಅಮ್ಮನ ಅಂಗಡಿಯಲ್ಲಿ ಗಿಣ್ಣು ಮಾರಿಕೊಂಡಿರುವುದು, ಜಂತು ಎಲ್ವೀರಾ ಎಂದು ಹಳೆಯ ಹುಡುಗರು ಬಂದು ನಗುವುದು. ಕೈಯಲ್ಲಿದ್ದ ಮರಿಯ ಎದೆ ಅವಳ ಅಂಗೈಯೊಳಗೆ ಡಬಡಬ ಬಡಿದುಕೊಳ್ಳುತ್ತಿತ್ತು. ಅದಕ್ಕೆ ಇದ್ಯಾವುದರ ಪರಿವೆಯೂ ಇರಲಿಲ್ಲ.

ಮೂರನೆಯ ಗೂಡಿನಲ್ಲಿ ಹಳದಿ ದೊಡ್ಡದು ಬಂತು. ನಾಲ್ಕನೆಯದರಲ್ಲೂ. ಆಮೇಲಿನದರಲ್ಲಿ ಅಂಕಿ ಹೇಳುವ ಮುಂಚೆ ದೋನ್ ಫೆರ್ಮಿನ್ ತಡೆದರು. ಗೇಜು ತೆಗೆದು, ಬಾಯಿ ಒರೆಸಿ, ಮತ್ತೆ ಇಟ್ಟರು. ಅದೇ ಅಂಕಿ. ಹೇಳಿದರು. ಹಳದಿ. ಆಮೇಲೆ ಹಳದಿ, ಹಳದಿ, ಒಂದು ಹಸಿರು, ಮತ್ತೆ ಹಳದಿ. ಅಂಕಿಗಳು ಅವಳ ಬೆನ್ನ ಹಿಂದಿನಿಂದ, ಅವಳನ್ನು ನಂಬದ ಬಾಯಿಂದ ಒಂದೊಂದಾಗಿ ಬರುತ್ತಿದ್ದವು, ಅವಳು ಕಡಲನ್ನು ನೋಡುತ್ತ ಕೇಳುತ್ತಿದ್ದಳು. ಆ ಬಾಯಿಗೆ ತಾನು ಏನು ಹೇಳುತ್ತಿದೆಯೆಂದು ಗೊತ್ತಿಲ್ಲ. ಗೊತ್ತಿರುವುದು ಈ ಇಳಿಜಾರಿನಲ್ಲಿ ಅವಳೊಬ್ಬಳಿಗೇ. ನಗು ಬಂತು, ತುಟಿ ಕಚ್ಚಿ ಹಿಡಿದಳು. ಒಂದು ಮರಿ ಮೊಣಕೈಯ ಚರ್ಮ ಕಿತ್ತದ್ದೂ ತಿಳಿಯಲಿಲ್ಲ. ಇಷ್ಟು ಸಂತೋಷ ಪಡುವುದು ತಪ್ಪೇನೋ, ಪ್ರತಿ ಹಳದಿಯ ಪಕ್ಕದಲ್ಲಿ ಒಂದು ಹಸಿರು ಸೋಲುತ್ತಿದೆಯಲ್ಲ ಎಂದೂ ಅನ್ನಿಸಿತು; ಸಂತೋಷ ಕಡಿಮೆಯಾಗಲಿಲ್ಲ. ತುಪ್ಪಳ ಉದುರಿದ ಮರಿಯ ಸರದಿ ಬಂದಾಗ ಮಾತ್ರ ಅದನ್ನು ಸ್ವಲ್ಪ ಹೊತ್ತು ಹೆಚ್ಚಾಗಿಯೇ ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡಳು. ದೋನ್ ಫೆರ್ಮಿನ್ ಅದರ ರೆಕ್ಕೆಯನ್ನು ಬಹಳ ಹೊತ್ತು ಹಿಡಿದಿದ್ದರು. ಬೆಳಿಗ್ಗೆ ಅವಳು ಓದಿ ಬಾಯಿಬಿಡದೇ ಇದ್ದ ಅಂಕಿಯನ್ನೇ, ಒಂದು ಕೂದಲೆಳೆಯೂ ಆಚೀಚೆ ಇಲ್ಲದೆ, ಅವರು ಹೇಳಿದರು.

ಅವಳು ತಿರುಗಿ ನೋಡಿದಳು. ನೋಡಬಾರದಾಗಿತ್ತು, ನೋಡಿದಳು. ಒತ್ತಿರಲಿಲ್ಲ. ತಾನು ಬೆಳಿಗ್ಗೆ ಒತ್ತಿರಲಿಲ್ಲ, ಆಸೆಯಿಂದ ಮೈ ಸುಡುತ್ತಿದ್ದಾಗಲೂ ಹೆಬ್ಬೆರಳು ತನ್ನಷ್ಟಕ್ಕೆ ತಾನು ಸರಿಯಾಗಿ ಬಿಟ್ಟಿತ್ತು. ದೋನ್ ಫೆರ್ಮಿನ್ ಏನಾಯ್ತು ಎಂದರು. ಏನಿಲ್ಲ, ಗಾಳಿಗೆ ಕಣ್ಣಲ್ಲಿ ನೀರು ಎಂದಳು.

ನೆಲೆಯ ಬಾಗಿಲಲ್ಲಿ ಬೂಟು ಉಜ್ಜಿ, ಹೊರಬಟ್ಟೆಯನ್ನು ಹೊರಗೇ ನೇತುಹಾಕಿ, ಕುದಿಯುವ ನೀರಿನಲ್ಲಿ ಮೈ ತೊಳೆದು ಬಂದರೂ ನಾತ ಹೋಗಿರಲಿಲ್ಲ. ಮೇಜಿನ ಕೊನೆಯಲ್ಲಿ ಮೂವರೂ ಕೂತು ಬೇಳೆಯ ಸಾರು ಕುಡಿದರು. ಅಮಾಯಾ ಒಂದು ಕೈಯಲ್ಲಿ ಬ್ರೆಡ್ ಹಿಡಿದು ಇನ್ನೊಂದರಲ್ಲಿ ಕೂಡಿಸಿ ಕಳೆದು, ಮುಗಿಸಿ, ಗಂಟಲು ಸರಿಮಾಡಿಕೊಂಡಳು. ಮೂರು ನಾಲ್ಕು ಗೂಡು ಬಿಟ್ಟರೆ ಎಲ್ಲದರಲ್ಲೂ ಹಳದಿ ಪಟ್ಟಿಯ ಮರಿಯದೇ ಊತ ಹೆಚ್ಚು, ಅದೂ ಸಣ್ಣಪುಟ್ಟ ಹೆಚ್ಚಲ್ಲ ಎಂದಳು. ಆಚೆ ತುದಿಯ ಸೈನಿಕರೂ ಮಾತು ನಿಲ್ಲಿಸಿದರು. ಇಷ್ಟು ದಿನ ಅವರಿಗೂ ಇದರ ಮೇಲೆ ಪಂದ್ಯ ಕಟ್ಟುವ ಚಟ ಹತ್ತಿತ್ತು. ದೋನ್ ಫೆರ್ಮಿನ್ ಚಮಚ ಕೆಳಗಿಟ್ಟು ಅಡುಗೆಮನೆಯ ಕಡೆ ನೋಡಿದರು. ಎಲ್ವೀರಾಳಿಗೆ ಈಗ ಭಯವಾಯಿತು. ಮೂರು ಹುಳ ನೋಡಿ ತಾನು ಎಲ್ಲ ತಿಳಿದವಳ ಹಾಗೆ ಇಡೀ ದಿನ ಒಳಗೊಳಗೆ ಮೆರೆದಳಲ್ಲ, ಅವು ಸುಮ್ಮನೆ ಬಿದ್ದಿದ್ದರೆ? ಹಳದಿಯೇ ಗಂಜಿಯಾಗಿದ್ದರೆ? ಎವಾರಿಸ್ತೋ ದೊಡ್ಡ ಬೋಗುಣಿ ಹೊತ್ತು ಬಂದ, ಅಕ್ಕಿಯ ಪಾಯಸ, ಮೇಲೆ ದಾಲ್ಚಿನ್ನಿ ಪುಡಿ. ಒಬ್ಬೊಬ್ಬರಿಗೂ ಬಡಿಸಿಕೊಂಡೇ ಬಂದ, ಬಾಯಿ ಬಿಡಲಿಲ್ಲ. ಅವನಿಗೆ ಇದು ಹಬ್ಬ.

"ತಿನ್ನಿ, ತಿನ್ನಿ. ಹೆಂಗಿದೆ ಅಕ್ಕಿ?" ಎಂದ ಕೊನೆಗೆ. "ಹಸಿರು ಡಬ್ಬಿಯ ಮರಿಗಳಿಗೆ ಕೊಟ್ಟಿದ್ದೂ ಇದೇ ಅಕ್ಕಿ ಗಂಜಿ, ಡಾಕ್ಟರಮ್ಮ. ಪಾಪ, ಅವಕ್ಕೆ ಸಕ್ಕರೆ ಹಾಕಿರ್ಲಿಲ್ಲ."

ಅಮಾಯಾ ಎಲ್ವೀರಾಳ ಬೆನ್ನಿಗೆ ಹೋರಿಗೆ ಹೊಡೆಯುವ ಹಾಗೆ ಒಂದು ಗುದ್ದಿದಳು. ಆಚೆ ತುದಿಯಲ್ಲಿ ಯಾರೋ ಚಮಚದಿಂದ ತಟ್ಟೆ ಬಾರಿಸಿದರು, ಮಿಕ್ಕವರೂ ಬಾರಿಸಿದರು. ಎಲ್ವೀರಾ ಜೇಬಿನಿಂದ ಒಣಗಿದ ಲಾಡಿಹುಳವನ್ನು ತೆಗೆದು ದೋನ್ ಫೆರ್ಮಿನ್‌ರ ಪಾಯಸದ ಪಕ್ಕದಲ್ಲಿ ಇಟ್ಟಳು. ಅವರು ಅದನ್ನು ನೋಡಿ, ಬೆಳಿಗ್ಗೆಯ ಬೂಟಿನ ಕತೆಯೆಲ್ಲ ಅರ್ಥವಾಗಿ, ತಲೆಯಾಡಿಸಿದರು. ಆಮೇಲೆ ಕಷ್ಟಪಟ್ಟು ಎದ್ದು ನಿಂತರು. ಮಾದ್ರಿದ್‌ನಲ್ಲಿ ಎದ್ದ ಹಾಗೆಯೇ, ಒಂದು ಕೈ ಮೇಜಿನ ಮೇಲೆ ಊರಿ. ಗದ್ದಲ ನಿಂತಿತು.

"ಒಂದು ಸಲ ತುಂಬಿದ ಸಭೇಲಿ ಇವಳಿಗೆ, ಕೈಗೂ ಆಸೆ ಇರತ್ತೆ ಅಂದಿದ್ದೆ. ಇವತ್ತು ನನ್ನ ಕೈಗೂ ಇತ್ತು. ಎರಡು ಬಣ್ಣವೂ ಸಮ ಬರಲಿ ಅನ್ನೋ ಆಸೆ. ಮಧ್ಯಾಹ್ನದ ಹೊತ್ತಿಗೆ ಅದು ಜೋರಾಗೇ ಇತ್ತು. ಬರಲಿಲ್ಲ." ಆಚೆ ತುದಿಯ ಸೈನಿಕರ ಕಡೆ ತಿರುಗಿ, "ಇವಳ ಮಾತು ನಿಜ. ಅಳೆದವನು ನಾನು," ಎಂದು ಕೂತರು.

ಕ್ಯಾಪ್ಟನ್ ಎದ್ದು, ಪೆಂಗ್ವಿನ್‌ನವರು ಇವತ್ತು ಮಧ್ಯಕ್ಕೆ ಬರಬೇಕು ಎಂದರು. ಕಿಟಕಿ ತೆಗೀರಪ್ಪಾ ಎಂದು ಒಬ್ಬ ಕೂಗಿದ, ಎಲ್ಲ ನಕ್ಕರು, ಎಲ್ವೀರಾಳೂ ನಕ್ಕಳು, ಅದೇ ಹಳೆಯ ನಗೆಯ ಹಾಗೆ ಕೇಳಿದರೂ ಈ ಸಲ ಅದರೊಳಗೆ ತಾನೂ ಇದ್ದಳು. ತಟ್ಟೆ ಹಿಡಿದುಕೊಂಡು ಮೇಜಿನ ಮಧ್ಯಕ್ಕೆ ಹೋಗಿ ಕೂತು, ಎರಡನೆಯ ಸಲ ಪಾಯಸ ಹಾಕಿಸಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ಯಾರನ್ನೂ ಎಬ್ಬಿಸದೆ ಹಳದಿ ಪಟ್ಟಿಯ ಡಬ್ಬಿಯಲ್ಲಿ ಉಳಿದಿದ್ದ ಔಷಧಿಯನ್ನು ತೆಗೆದುಕೊಂಡು ಇಳಿಜಾರು ಹತ್ತಿದಳು. ಅಳತೆ ಮುಗಿದಿತ್ತು, ಇನ್ನು ಹಸಿರು ಮರಿಗಳಿಗೆ ಗಂಜಿಯಲ್ಲೇ ಕಾಲ ಹಾಕಬೇಕಾಗಿರಲಿಲ್ಲ. ಬಂಡೆಯ ಬುಡದ ಗೂಡನ್ನು ದಾಟುವಾಗ ಒಂದು ಗಳಿಗೆ ನಿಂತಳು. ಅಲ್ಲಿ ಕುಡಿಸಲಿಕ್ಕೆ ಹಸಿರಿನದು ಉಳಿದಿರಲಿಲ್ಲ. ಮುಂದೆ ಹೋದಳು. ತುಪ್ಪಳ ಉದುರಿದ ಮರಿಯನ್ನು ಒಬ್ಬಳೇ ಹಿಡಿದು ಒಬ್ಬಳೇ ಕುಡಿಸಲು ಹೆಣಗುತ್ತಿರುವಾಗ ಹಿಂದೆ ಬೂದಿಯ ಮೇಲೆ ಎಳೆದೆಳೆದು ಹಾಕುವ ಹೆಜ್ಜೆ ಕೇಳಿತು. ದೋನ್ ಫೆರ್ಮಿನ್ ಏದುಸಿರು ಬಿಡುತ್ತ ಬಂದು, ಅವಳ ಕೈಯಿಂದ ಮರಿಯನ್ನು ತೆಗೆದುಕೊಂಡು, ಅದರ ಕಾಲನ್ನು ಒಂದು ಕೈಯಲ್ಲಿ, ರೆಕ್ಕೆಯನ್ನು ಇನ್ನೊಂದರಲ್ಲಿ ಹಿಡಿದು, ಮಂಡಿಯೂರಿ ಕೂತರು. ಮರಿ ಅವರ ಗಡ್ಡಕ್ಕೆ ಕುಕ್ಕಿತು, ಆಮೇಲೆ ಅವರ ತೊಡೆಯ ಮೇಲೆಲ್ಲ ಹೇಲಿತು.

"ಹಿಡಿಯೋದು ನಾನು," ಎಂದರು. "ನೀನು ಕುಡಿಸು. ಮುಂದಿನ ವರ್ಷ ಯಾರು ಹಿಡೀತಾರೋ ನೋಡ್ಕೋ, ನಾನಿರಲ್ಲ."

ಮುಂದಿನ ವರ್ಷ ಎಂದರು. ಎಲ್ವೀರಾ ಮರಿಯ ಕೊಕ್ಕನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿಸಿ, ಬೆಳ್ಳಗಿನ ಔಷಧಿಯನ್ನು ಗಂಟಲಿಗೆ ಬಿಟ್ಟಳು. ಅದು ತಲೆ ಕೊಡವಿ, ನುಂಗಿ, ಇಬ್ಬರಿಗೂ ಬೈಯುವ ಹಾಗೆ ಜೋರಾಗಿ ಕೂಗಿತು.